ಎಫ್ ಅತ್ತು

ತೊಂಬತ್ತರ ದಶಕದ ಕೊನೆ. ಪಾಂಡವಪುರದ ನಮ್ಮ ಮನೆಗೆ ನನ್ನ ಗಂಡ ಮೈಸೂರಿನಿಂದ ಒಂದು ಹಳೇ ಲ್ಯಾಪ್‌ಟಾಪು ತಂದಿದ್ದರು. ನಿವೃತ್ತ ಮೇಷ್ಟರಾದ ಮಾವ ನಮ್ಮ ಸೀಮೆಯ ಹಳ್ಳಿ ಮಾತುಗಳನ್ನೆಲ್ಲ ಹನ್ನೊಂದು ನೋಟ್‌ಬುಕ್ಕುಗಳಲ್ಲಿ ಬರೆದಿಟ್ಟಿದ್ದರು. ಎರಡು ವರ್ಷ ಕೂತು ಅದನ್ನು ಟೈಪು ಮಾಡಿದವಳು ನಾನು. ಮುಗಿದ ಮೇಲೆ, ಸೌದೆ ಹಸಿಯಾಗಿದ್ದ ಒಂದು ಬೆಳಿಗ್ಗೆ, ಇನ್ನೇಕೆ ಈ ಕಾಗದ ಎಂದು ಹನ್ನೊಂದನ್ನೂ ಬಚ್ಚಲೊಲೆಗೆ ಹಾಕಿ ನೀರು ಕಾಯಿಸಿಬಿಟ್ಟೆ. ಯಾರನ್ನೂ ಕೇಳಲಿಲ್ಲ. ಫ್ಲಾಪಿಗೂ ಇಳಿಸಿರಲಿಲ್ಲ, ನಾಳೆ ಇಳಿಸಿದರಾಯಿತು ಅಂತ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಮೂರು ವಾರ ಕಳೆದಿತ್ತು. ಮಾವ ಇನ್ನೂ ನಾಲ್ಕು ಮಾತು ಸಿಗುತ್ತವೆಂದು ತೊಣ್ಣೂರಿಗೆ ಹೋಗಿದ್ದರು. ಲ್ಯಾಪ್‌ಟಾಪು ತೆರೆದರೆ ಕಪ್ಪು ಪರದೆ, ಒಂದೇ ಸಾಲು ಇಂಗ್ಲಿಷು, ಮುಂದಕ್ಕೆ ಹೋಗಲೊಲ್ಲದು. ಮಾರಿದವನು ಇಂಥ ಕಾಲಕ್ಕೆಂದೇ ಒಂದು ಬೂಟ್ ಫ್ಲಾಪಿ, ವೈರಿನಲ್ಲಿ ಸಿಕ್ಕಿಸುವ ಒಂದು ಡ್ರೈವು ಕೊಟ್ಟಿದ್ದ. ಮಿಷನ್ನು ತಾನಾಗಿ ಏಳದಿದ್ದರೆ ಅದರಿಂದ ಎಬ್ಬಿಸಬಹುದು, ಬರೆದದ್ದು ಹಾಗೇ ಇರುತ್ತದೆ ಎಂದಿದ್ದ. ಸಿಕ್ಕಿಸಿದೆ. ಡ್ರೈವಿನ ದೀಪ ಮಿಣಕ್ ಅನ್ನಲಿಲ್ಲ. ವೈರು ಕಿತ್ತು, ಊದಿ, ಮತ್ತೆ ಸಿಕ್ಕಿಸಿದೆ. ಪಕ್ಕದಲ್ಲೊಂದು ಡ್ರೈವು ಇದೆಯೆಂಬ ಪರಿವೆಯೇ ಇಲ್ಲ ಆ ಮುಂಡೇದಕ್ಕೆ. 

ಮಾರಿದವನಿಗೇ ಫೋನು ಮಾಡಿದೆ. ಕೊರಕೊರ ಲೈನು.

“ಆನ್ ಆಯ್ತಿದ್ದಂಗೇ ಎಫ್ ಒತ್ತೊತ್ತಕ್ಕಾ. ಒಂದು ಪಟ್ಟಿ ಬತ್ತದೆ, ಅದ್ರಲ್ಲಿ ಫ್ಲಾಪಿನ ಮೊದ್ಲುಕ್ಕೆ ತಂದ್ಬುಡು” ಎಂದ. ಅಷ್ಟರಲ್ಲಿ ಲೈನು ಕಡಿಯಿತು. ಆಮೇಲೆ ಸಿಗಲೇ ಇಲ್ಲ.

ಎಫ್ ಒತ್ತಿದೆ. ಒತ್ತಿ ಒತ್ತಿ ಬೆರಳು ನೋವು ಬಂತು, ಪಟ್ಟಿಯೂ ಇಲ್ಲ, ಗಿಟ್ಟಿಯೂ ಇಲ್ಲ. ಮಧ್ಯಾಹ್ನದ ಬಸ್ಸಿಗೆ ಮಾವ ಬರುತ್ತಾರೆ. ಬೈದರೆ ಬೈಸಿಕೊಳ್ಳಬಹುದು. ಏನೂ ಅನ್ನದೆ ಸುಮ್ಮನೆ ಕೂತುಬಿಟ್ಟರೆ? ಹತ್ತು ವರ್ಷ ಊರೂರು ಅಲೆದ ಜೀವ ಅದು. ಅವರು ಚಪ್ಪಲಿ ಬಿಟ್ಟ ಸದ್ದಾದಾಗ ನಾನು ಸೆರಗು ಬಾಯಿಗಿಟ್ಟುಕೊಂಡು ಅಳುತ್ತಿದ್ದೆ.

“ಯಾಕವ್ವ, ಏನಾಯ್ತು?”

ಮಿಷನ್ನು ಏಳುತ್ತಿಲ್ಲ, ಮಾರಿದವನಿಗೆ ಫೋನು ಮಾಡಿದ್ದೆ ಎಂದೆ. ನೋಟ್‌ಬುಕ್ಕಿನ ಮಾತು ಎತ್ತಲಿಲ್ಲ.

“ಮಾರ್ದೋನು ಏನಂದ? ಅವ್ನು ಅಂದಂಗೇ ಅನ್ನು.”

“ಎಫ್ ಒತ್ತೊತ್ತು ಅಂದ್ರು, ಮಾವ.”

“ಯಾವೂರ್ನೋನು ಅವ್ನು?”

“ಶೀಳನೆರೆ ಕಡೆಯೋರಂತೆ.”

ಮಾವ ನಕ್ಕೇಬಿಟ್ಟರು. “ಅಂಗನ್ನು ಮತ್ತೆ! ನಮ್ಮೋರ ಬಾಯಲ್ಲಿ ಹಕಾರ ಎಲ್ಲದೆ? ಅವ್ನು ಅತ್ತೊತ್ತು ಅಂದವ್ನೆ ಕಣವ್ವ. ಹತ್ತು! ಮೇಲಿನ ಸಾಲಲ್ಲಿ ಎಫ್ ಹತ್ತು ಅದೆ ನೋಡು. ಅತ್ತಿದ್ದು ಸಾಕು, ಅತ್ತೊತ್ತು!”

ಮಿಷನ್ನು ಆರಿಸಿ, ಮತ್ತೆ ಆನ್ ಮಾಡಿ ಒತ್ತಿದೆ. ಪಟ್ಟಿ ಬಂತು. ಫ್ಲಾಪಿಯನ್ನು ಮೊದಲ ಸಾಲಿಗೆ ತಂದೆ. ಡ್ರೈವು ಗರಗರ ಎಂದಿತು, ಹಸಿರು ದೀಪ ಹತ್ತಿತು. ಅಕಾರದಿಂದ ಹಿಡಿದು ಮಾವನ ಫೈಲುಗಳು ಒಂದೊಂದಾಗಿ ಪರದೆಯ ಮೇಲೆ ಕಂಡವು. ಎಲ್ಲಕ್ಕಿಂತ ಚಿಕ್ಕದು ಹಕಾರದ್ದು.

ಇನ್ನು ಬಾಯಿ ಮುಚ್ಚಿಕೊಂಡಿದ್ದರೂ ನಡೆಯುತ್ತಿತ್ತು. ಆದರೆ ಭಯ ಇಳಿಯಲಿಲ್ಲ. “ಮಾವ, ನಿಮ್ಮ ನೋಟ್‌ಬುಕ್ಕು...” ಎಂದೆ.

“ಗೊತ್ತು ಬುಡವ್ವ. ಅಲ್ಲುಜ್ಜೋ ಬೂದೀಲಿ ನೋಟ್‌ಬುಕ್ ಪಿನ್ನು ಸಿಕ್ಕುದ್ವು. ನೀನೇ ಏಳ್ತೀಯ ಅಂತ ಕಾಯ್ತಿದ್ದೆ.”

ಚೀಲದಿಂದ ಒಂದು ಹೊಸ ನೋಟ್‌ಬುಕ್ಕು ತೆಗೆದು ಮೇಜಿನ ಮೇಲಿಟ್ಟರು. ತೊಣ್ಣೂರಿಗೆ ಹೋಗಿದ್ದು ನಾಲ್ಕು ಹೊಸ ಮಾತಿಗಲ್ಲ. ಮಿಷನ್ನೊಂದನ್ನೇ ನಂಬಲಾರದೆ, ಸುಟ್ಟದ್ದನ್ನೆಲ್ಲ ಮೊದಲಿನಿಂದ ಮತ್ತೆ ಬರೆಯಲು ತೊಡಗಿದ್ದರು. ಆ ಮೂರು ವಾರದಲ್ಲಿ ಅಕಾರ ಮುಗಿದಿತ್ತು.