ಶೇಷಪ್ಪನವರ ಮನೆಗೆ ಹೋದ ಸಿಹಿ ಡಬ್ಬಿ

ನಲವತ್ತು ದಾಟಿದವನು ದೀಪಾವಳಿಗೆ ಹೆದರುತ್ತಿದ್ದೆ ಎಂದರೆ ನೀವು ಪಟಾಕಿಗೆ ಎಂದುಕೊಳ್ಳುತ್ತೀರಿ. ನಾನು ಹೆದರುತ್ತಿದ್ದದ್ದು ಗಿರಾಕಿಗಳಿಗೆ ಕಳಿಸಬೇಕಾದ ಉಡುಗೊರೆಗೆ. ಕೊಪ್ಪದ ಬಸ್‌ ಸ್ಟ್ಯಾಂಡಿನ ಹಿಂದೆ ನನ್ನದೊಂದು ಸಣ್ಣ ಪ್ರೆಸ್ಸಿತ್ತು. ಬಿಲ್‌ಬುಕ್ಕು, ಲೇಬಲ್ಲು, ಮದುವೆ ಕಾಗದ ಅಚ್ಚು ಹಾಕಿಸಲು ಶೃಂಗೇರಿ, ನರಸಿಂಹರಾಜಪುರದಿಂದಲೂ ಜನ ಬರುತ್ತಿದ್ದರು. ನೆಮ್ಮದಿಯಾಗಿಯೇ ಇದ್ದೆ. ಒಂದು ವರ್ಷ ಶಿವಮೊಗ್ಗದ ಕಾಗದದ ವ್ಯಾಪಾರಿಯೊಬ್ಬರು ಹಬ್ಬಕ್ಕೆಂದು ನನಗೆ ಗೋಡಂಬಿ ದ್ರಾಕ್ಷಿಯ ಡಬ್ಬಿ ಕಳಿಸಿದರು. ತಿಂದೆ. ತಿಂದ ಮೇಲೆ, ನಾನೂ ನನ್ನ ಗಿರಾಕಿಗಳಿಗೆ ಏನಾದರೂ ಕೊಡಬೇಡವೇ ಎಂಬ ಯೋಚನೆ ಹತ್ತಿತು. ನೆಮ್ಮದಿ ಅಲ್ಲಿಗೆ ಮುಗಿಯಿತು.

ಮೊದಲ ವರ್ಷ ಗೋಡೆ ಗಡಿಯಾರ ಕೊಟ್ಟೆ, ಕೆಳಗೆ ಪ್ರೆಸ್ಸಿನ ಹೆಸರು ಹಾಕಿಸಿ. ಕೆಲವು ತಿಂಗಳ ನಂತರ ಶೃಂಗೇರಿಯ ಲಾಡ್ಜೊಂದಕ್ಕೆ ರಸೀದಿ ಪುಸ್ತಕ ಕೊಡಲು ಹೋದೆ. ಅಲ್ಲಿಯ ಒಂದೇ ಗೋಡೆಯಲ್ಲಿ ಐದು ಗಡಿಯಾರಗಳಿದ್ದವು. ಐದೂ ಬೇರೆ ಬೇರೆ ಹೊತ್ತು ತೋರಿಸುತ್ತಿದ್ದವು. ನನ್ನದು ಅದರಲ್ಲಿ ಇರಲಿಲ್ಲ. ನಾನು ಹುಡುಕುತ್ತಿರುವುದನ್ನು ನೋಡಿದ ಮಾಲೀಕರು, "ನಿಮ್ದು ಒಳಗೆ ಎಲ್ಲೋ ಇದೆ ಮಾರಾಯ್ರೆ. ಬೇಕಿದ್ರೆ ಇದ್ರಲ್ಲೇ ಒಂದು ತಗೊಂಡು ಹೋಗಿ" ಎಂದರು. ಮರುವರ್ಷ ಹಾಟ್‌ಬಾಕ್ಸ್ ಕೊಟ್ಟೆ. ಪ್ರೆಸ್ಸಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಅಕ್ಷರ ಜೋಡಿಸುತ್ತಿದ್ದ ವಸಂತಿಗೂ ಒಂದು ಕೊಟ್ಟೆ. ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, "ಚೆನ್ನಾಗಿದೆ ಸಾರ್, ಇದು ನಮ್ಮನೆಗೆ ನಾಲ್ಕನೇದು" ಎಂದಳು.

ಉಡುಗೊರೆ ಎಂಬ ಮಾತಿನೊಳಗೆ ಉಡುವುದು ಇದೆಯಲ್ಲ, ಹಿಂದಿನವರು ಬಟ್ಟೆಯನ್ನೇ ಕೊಡುತ್ತಿದ್ದಿರಬೇಕು. ಒಬ್ಬರಿಗೆ ಬಟ್ಟೆ ಕೊಡಬೇಕಾದರೆ ಅವರು ಎತ್ತರವೋ ಗಿಡ್ಡವೋ ಎಂಬಷ್ಟಾದರೂ ಗೊತ್ತಿರಬೇಕು. ನನ್ನ ಹತ್ತಿರ ಇದ್ದದ್ದು ಹೆಸರುಗಳ ಒಂದು ಪಟ್ಟಿ ಮಾತ್ರ. ಕಡೆಗೆ ಸೋತು ಸಿಹಿಗೆ ಬಂದೆ. ಸಿಹಿ ಗೋಡೆಯಲ್ಲಿ ನೇತಾಡುವುದಿಲ್ಲ, ಅಟ್ಟ ಸೇರುವುದಿಲ್ಲ, ನಾಲ್ಕು ದಿನದಲ್ಲಿ ಮುಗಿದುಹೋಗುತ್ತದೆ. ಡಬ್ಬಿಯೊಳಗೆ ಒಂದು ಶುಭಾಶಯದ ಕಾರ್ಡು ಇಟ್ಟು ಬಸ್ಸಿಗೆ ಹಾಕಿದರೆ ಕಂಡಕ್ಟರು ಮುಟ್ಟಿಸುತ್ತಿದ್ದ. ಹಲವು ವರ್ಷ ಹಾಗೆಯೇ ನಡೆಯಿತು.

ನಾನು ಹೇಳಹೊರಟ ವರ್ಷ ಡಬ್ಬಿ ಆರಿಸಲೆಂದು ಶಿವಮೊಗ್ಗಕ್ಕೆ ಹೋದವನು ಎರಡು ದಿನ ಅಲ್ಲೇ ಉಳಿದೆ. ಕೆಂಪು ಡಬ್ಬಿಯೋ ಹಸಿರು ಡಬ್ಬಿಯೋ, ಮೈಸೂರುಪಾಕೋ ಬರ್ಫಿಯೋ ಎಂದು ಅಂಗಡಿಯವನ ತಲೆ ತಿಂದೆ. ವಾಪಸು ಬಂದವನು ಪ್ರೆಸ್ಸಿಗೂ ಹೋಗದೆ ಮನೆಯಲ್ಲೇ ಕೂತು, ಹಳೆಯ ಪಟ್ಟಿ ನೋಡಿಕೊಂಡು ಡಬ್ಬಿಗಳ ಮೇಲೆ ಹೆಸರು ಬರೆದು ಬಸ್ಸುಗಳಿಗೆ ಹಾಕಿದೆ. ಮುತ್ತಿನಕೊಪ್ಪದ ಬಸ್ಸಿನಲ್ಲಿ ಹೋದದ್ದು ಶೇಷಪ್ಪನವರ ಡಬ್ಬಿ. ಅವರು ಅಲ್ಲಿ ಸಸಿಗಳ ನರ್ಸರಿ ನಡೆಸುತ್ತಿದ್ದರು. ನನ್ನ ಹಳೆಯ ಗಿರಾಕಿಗಳಲ್ಲಿ ಒಬ್ಬರು.

ಹಬ್ಬ ಕಳೆದು ಪ್ರೆಸ್ಸಿನ ಬಾಗಿಲು ತೆಗೆದ ದಿನ ಮೇಜಿನ ಮೇಲೆ ಒಂದು ಕಾರ್ಡು ಬಿದ್ದಿತ್ತು. ಉತ್ತರಕ್ರಿಯೆಯ ಕಾರ್ಡು. ಫೋಟೋದಲ್ಲಿ ಶೇಷಪ್ಪನವರಿದ್ದರು. ಕೆಳಗೆ ನನ್ನದೇ ಪ್ರೆಸ್ಸಿನ ಹೆಸರಿತ್ತು.

"ಇದ್ಯಾವಾಗ ಅಚ್ಚಾಯ್ತು?"

"ನೀವು ಶಿವಮೊಗ್ಗಕ್ಕೆ ಹೋದಾಗ ಸಾರ್. ಅವರ ತಮ್ಮ ಬಂದು ಮಾಡಿಸ್ಕೊಂಡು ಹೋದ್ರು. ನಿಮ್ಗೆ ಗೊತ್ತಿರ್ತದೆ ಅಂದ್ಕೊಂಡೆ" ಎಂದ ವಸಂತಿ ನನ್ನ ಮುಖ ನೋಡಿ, "ಅಯ್ಯೋ, ಸ್ವೀಟ್ ಕಳಿಸಿದ್ರಾ?" ಎಂದು ಬಾಯಿ ಮುಚ್ಚಿಕೊಂಡಳು.

ಡಬ್ಬಿಯೊಳಗಿನ ಕಾರ್ಡನ್ನು ಬರೆದವನು ನಾನೇ. 'ಈ ಹಬ್ಬ ನಿಮ್ಮ ಮನೆಯಲ್ಲಿ ಸಂಭ್ರಮ ತುಂಬಲಿ.' ಅದು ಸೂತಕದ ಮನೆಯ ಬಾಗಿಲಿಗೆ, ಕೆಂಪು ಡಬ್ಬಿಯಲ್ಲಿ, ಬಂಗಾರದ ಬಣ್ಣದ ರಿಬ್ಬನ್ನು ಕಟ್ಟಿಕೊಂಡು ಹೋಗಿ ನಿಂತಿತ್ತು. ಫೋನು ಮಾಡೋಣವೆಂದು ನಾಲ್ಕು ಸಲ ರಿಸೀವರ್ ಎತ್ತಿದೆ. ಏನು ಹೇಳುವುದು? ಇಷ್ಟು ವರ್ಷ ಊರವರ ಸಂತೋಷಕ್ಕೂ ಸಾವಿಗೂ ಒಪ್ಪವಾದ ವಾಕ್ಯ ಬರೆದುಕೊಟ್ಟವನಿಗೆ ಅಂದು ಒಂದು ವಾಕ್ಯವೂ ಹುಟ್ಟಲಿಲ್ಲ. ಮಾರನೆಯ ಬೆಳಿಗ್ಗೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ, ಬಸ್ಸು ಕೆಟ್ಟು ನಿಲ್ಲಬಾರದೇ ಎಂದು ಹಾರೈಸುತ್ತಿದ್ದೆ. ಅದು ಒಳ್ಳೆಯ ಬಸ್ಸು, ಹೊತ್ತಿಗೆ ಸರಿಯಾಗಿ ತಲುಪಿಸಿತು.

ಶೇಷಪ್ಪನವರ ಹೆಂಡತಿ ಕಮಲಮ್ಮ ನರ್ಸರಿಯಲ್ಲಿ ಸಸಿಗಳಿಗೆ ನೀರು ಹಾಕಿಸುತ್ತಿದ್ದರು. ಅವರನ್ನು ನಾನು ನೋಡಿದ್ದು ಅದೇ ಮೊದಲು. ಹೆಸರು ಹೇಳಿದೆ, ತಪ್ಪಾಯಿತೆಂದೆ, ಗೊತ್ತಿರಲಿಲ್ಲವೆಂದೆ. ನಮ್ಮಲ್ಲೇ ಕಾರ್ಡು ಅಚ್ಚಾಗಿದ್ದರೂ ಗೊತ್ತಿರಲಿಲ್ಲವೆಂದು ಹೇಳುವಾಗ ಸಸಿಗಳ ಕಡೆ ನೋಡುತ್ತಿದ್ದೆ.

"ಬಂದಿದ್ದು ನೋಡಿ ಅವತ್ತು ಸಿಟ್ಟು ಬಂದಿದ್ದು ಹೌದು" ಎಂದರು ಅವರು. "ಎತ್ತಿ ಬಿಸಾಡೋಣ ಅನ್ನಿಸ್ತು. ಆಮೇಲೆ ಕೆಲಸದೋರಿಗೆ ಕೊಟ್ಟೆ. ಪ್ರತಿ ವರ್ಷವೂ ಅವರಿಗೇ ಕೊಡೋದು. ಇವ್ರಿಗೆ ಸಕ್ಕರೆ ಕಾಯಿಲೆ ಅಲ್ವಾ, ಒಂದು ಚೂರೂ ಬಾಯಿಗೆ ಹಾಕ್ತಿರ್ಲಿಲ್ಲ."

ಅಷ್ಟೂ ವರ್ಷ ಆ ಮನುಷ್ಯನಿಗೆ ನಾನು ಕಳಿಸಿದ್ದು ಅವರಿಗೆ ಬೇಡದ ವಸ್ತುವನ್ನೇ. ಅವರು ಮಾತ್ರ ಪ್ರತಿ ಸಲ ಫೋನು ಮಾಡಿ, "ಭಾರಿ ಚೆನ್ನಾಗಿತ್ತು ಮಾರಾಯ್ರೆ" ಎನ್ನುತ್ತಿದ್ದರು.

"ಕಾರ್ಡು ಮಾತ್ರ ಇಟ್ಕೊಳ್ತಿದ್ರು" ಎಂದು ಕಮಲಮ್ಮ ಮುಂದುವರಿಸಿದರು. "ಕನ್ನಡಕ ಹಾಕ್ಕೊಂಡು ಕೂತು ಎರಡು ಸಲ ಓದೋರು. ಎಲ್ಲಾದ್ರೂ ಒಂದು ಅಕ್ಷರ ತಪ್ಪು ಸಿಕ್ಕಿದ್ರೆ ಸಾಕು, ಹಬ್ಬ ಪೂರ್ತಿ ನಗೋರು. ಪ್ರೆಸ್ಸಿನೋರೇ ತಪ್ಪು ಮಾಡಿದಾರೆ ನೋಡೇ ಅಂತ."

"ಈ ಸಲ?" ಎಂದು ಕೇಳಿದೆ. ಯಾಕೆ ಕೇಳಿದೆನೋ.

"ಈ ಸಲ ನಾನೇ ಓದ್ದೆ. ಒಂದೂ ಸಿಗ್ಲಿಲ್ಲ."

ಪೈಪು ಹಿಡಿದಿದ್ದ ಹೆಂಗಸು ನೀರು ಹಾಕಿದ ಸಾಲಿಗೇ ಮತ್ತೆ ಹಾಕುತ್ತಿದ್ದಳು. ಅವಳ ಕಿವಿ ನಮ್ಮ ಕಡೆಯೇ ಇತ್ತು. ಹೊರಡುವಾಗ ಧೈರ್ಯ ಮಾಡಿ ಕೇಳಿದೆ: "ಅಮ್ಮಾ, ಮುಂದಿನ ವರ್ಷ ಎಂತ ಕಳಿಸ್ಲಿ?"

ಅವರು ಸೆರಗಿನಲ್ಲಿ ಕೈ ಒರೆಸಿಕೊಂಡು ನಿಜವಾಗಿಯೂ ಯೋಚಿಸಿದರು.

"ಕಾರ್ಡು ಕಳಿಸಿ, ಸಾಕು. ಸ್ವೀಟ್ ಬೇಡ. ನಂಗೂ ಶುಗರ್ ಇದೆ."

ಒಬ್ಬ ಗಿರಾಕಿಗೆ ಏನು ಬೇಕೆಂದು ನಾನು ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು. ಉತ್ತರ ಸಿಗಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಶೇಷಪ್ಪನವರನ್ನೂ ಕೇಳಬಹುದಿತ್ತು.