ಬಾನೆಟ್ಟಿಗೆ ಬೇಕಾದ ಬೆಳಗು

ಬೆಳಕು ಹರಿಯುವ ಮೊದಲೇ ಸೊಸೆ ನೀರು ಹಿಡಿದಿದ್ದಳು, ಅಂಗಳ ಗುಡಿಸಿದ್ದಳು, ಹಾಲು ಕಾಯಿಸಿದ್ದಳು, ಅತ್ತೆಯ ಸ್ನಾನಕ್ಕೆ ಬಿಸಿನೀರು ತುಂಬಿಟ್ಟಿದ್ದಳು, ಗಂಡನ ಬುತ್ತಿ ಕಟ್ಟಿದ್ದಳು, ನಿನ್ನೆ ಒಣಗದ ಬಟ್ಟೆಯನ್ನು ಮತ್ತೆ ಹರವಿದ್ದಳು. ಮಧ್ಯಾಹ್ನದ ಅಡುಗೆಯನ್ನೂ ಮಾಡಿ ಮುಚ್ಚಿಟ್ಟಿದ್ದಳು. ಇಷ್ಟೆಲ್ಲ ಯಾಕೆಂದರೆ, ಇವತ್ತೊಂದು ಬೆಳಗು ಯಾರೂ ತನ್ನನ್ನು ಕರೆಯಬಾರದು.

ಹಿತ್ತಿಲ ಶೆಡ್ಡಿನಲ್ಲಿ ಅವಳ ಚಿಕ್ಕಮ್ಮನ ಕಾರಿತ್ತು. ಚಿಕ್ಕಮ್ಮ ಮದುವೆಯ ಗೋಜಿಗೆ ಹೋಗದವಳು. ಮನಸ್ಸು ಬಂದಾಗ ಕಾರಿನ ಕೀ ಎತ್ತಿಕೊಂಡು ಹೊರಟುಬಿಡುವಳು. ಎಲ್ಲಿಗೆ ಅಂತ ಕೇಳಿದರೆ ರಸ್ತೆ ಇರೋ ಕಡೆಗೆ ಅನ್ನುವಳು. ಚಿಕ್ಕಂದಿನಲ್ಲಿ ಪಕ್ಕದ ಸೀಟಿನಲ್ಲಿ ಕೂತು ಮುಖಕ್ಕೆ ಗಾಳಿ ಬಡಿಸಿಕೊಂಡಿದ್ದ ಇವಳು ಆ ಗಾಳಿಯನ್ನು ಇನ್ನೂ ಮರೆತಿಲ್ಲ. ಸಾಯುವ ಮುಂಚೆ ಚಿಕ್ಕಮ್ಮ ಕಾರನ್ನು ಅವಳಿಗೇ ಕೊಟ್ಟಳು. ಗುಜರಿಗೆ ಹಾಕು ಅಂದ ಗಂಡ, ಅವಳ ಕೈಯಲ್ಲಿ ಎಂಜಿನ್ ಕೆಮ್ಮುತ್ತಾ ಶುರುವಾದ ಮೇಲೆ ಗೆಳೆಯರ ಮುಂದೆ 'ನಾವು ರಿಪೇರಿ ಮಾಡ್ತಿದ್ದೀವಿ' ಅನ್ನತೊಡಗಿದ.

ಬಣ್ಣ, ತುಕ್ಕು ಕೀಳಲು ಗಾಳಿಯ ರಭಸದಲ್ಲಿ ಪುಡಿ ಎರಚುವ ಸ್ಯಾಂಡ್‌ಬ್ಲಾಸ್ಟರ್ ಬೇಕಿತ್ತು. ಅಂಗಡಿಯವನು, ಹಿಂದೆ ಗಂಡಸು ಯಾರಾದರೂ ಬರುತ್ತಾನೇನೋ ಎಂದು ಬಾಗಿಲು ನೋಡುತ್ತಲೇ ದೊಡ್ಡ ಸಿಲಿಂಡರಿನದನ್ನು ತೋರಿಸಿದ. ಗಾಳಿ ಒತ್ತುವ ಮನೆಯ ಕಂಪ್ರೆಸರಿಗೆ ಅಷ್ಟು ದಮ್ಮಿಲ್ಲವೆಂದು ಅವಳು ಕೊಳವೆಯಿಂದ ಪುಡಿ ಹೀರಿಕೊಳ್ಳುವ ಸಣ್ಣ ಗನ್ ಆರಿಸಿದಳು. ಹೊಳೆಮರಳಿನ ದೂಳು ಶ್ವಾಸಕೋಶ ತಿನ್ನುತ್ತದೆಂದು ಗಾಜಿನ ಪುಡಿ ಕೊಂಡಳು. ಗನ್ನನ್ನು ಓರೆಯಾಗಿ ಹಿಡಿದು ಕೈಯಾಡಿಸುತ್ತಲೇ ಇರಬೇಕು, ಒಂದೇ ಕಡೆ ನಿಲ್ಲಿಸಿದರೆ ತಗಡು ಸೊಟ್ಟಗಾಗುತ್ತದೆ. ಕೈ ನಿಲ್ಲಿಸದಿರುವುದನ್ನು ಅವಳಿಗೆ ಯಾರೂ ಕಲಿಸಬೇಕಿರಲಿಲ್ಲ.

ತೊಂದರೆ ಇದ್ದದ್ದು ಬೇರೆಡೆ. ಬರಿಮೈಯ ತಗಡು ಮನೆಗೆಲಸದ ಹಾಗಲ್ಲ, ಅರ್ಧಕ್ಕೆ ಬಿಟ್ಟೆದ್ದು ಆಮೇಲೆ ಮುಂದುವರಿಸುವಂತಿಲ್ಲ. ಬಣ್ಣಕ್ಕೆ ಮುಂಚಿನ ಲೇಪ, ಪ್ರೈಮರ್, ಬೇಗ ಬೀಳದಿದ್ದರೆ ತೇವದ ಗಾಳಿಗೇ ತುಕ್ಕು ಹಿಡಿಯುತ್ತದೆ. ಮೊದಲ ಸಲ ಬಾನೆಟ್ಟು ಬೆಳ್ಳಗಾದಾಗ ಅತ್ತೆಯ ಮಾತ್ರೆ ಎಲ್ಲೋ ಕಳೆದಿತ್ತು. ಎರಡನೇ ಸಲ ಗಂಡನ ಗೆಳೆಯರು ಬಂದು ಚಹಾ ಕೇಳಿದರು. ಬಂದದ್ದು ಕಾರು ನೋಡಲಿಕ್ಕೇ. ಎರಡು ಸಲವೂ ಅವಳು ವಾಪಸು ಬರುವಷ್ಟರಲ್ಲಿ ತಗಡಿನ ತುಂಬ ಕೆಂಪು. ಸವೆದು ತೆಳುವಾದ ಬಾನೆಟ್ಟು ಇದೊಂದು ಸಲ ತಾಳೀತು, ಇನ್ನೊಂದು ಸಲ ತಾಳದು.

ಇವತ್ತು ಮೂರನೇ ಸಲ ಬಾನೆಟ್ಟಿನ ಕೊನೆಯ ಮೂಲೆ ಮುಗಿಸಿ ಮುಖದ ಮುಸುಕು ತೆಗೆದರೆ ಬಾಗಿಲಲ್ಲಿ ಅತ್ತೆ. ನಾದಿನಿ ತನ್ನ ಮಕ್ಕಳು, ಅತ್ತೆಮಾವಂದಿರ ಸಮೇತ ಇಲ್ಲಿಗೆ ಊಟಕ್ಕೆ ಹೊರಟಿದ್ದಾಳಂತೆ. ಮಾಡಿಟ್ಟದ್ದು ಯಾವ ಮೂಲೆಗೆ ಸಾಲುತ್ತದೆ?

"ಬಾರಮ್ಮ, ಕಾರೇನು ಓಡಿಹೋಗುತ್ತಾ?"

"ಓಡಲಿ ಅಂತಾನೇ ಅತ್ತೆ, ಇಷ್ಟೆಲ್ಲ ಒದ್ದಾಟ."

ಅತ್ತೆ ನಗಲಿಲ್ಲ. "ನನ್ನ ಮಂಡಿ ಹೇಗಿದೆ ಅಂತ ನಿನಗೇ ಗೊತ್ತಲ್ಲ," ಎಂದು ಗೋಡೆ ಹಿಡಿದುಕೊಂಡು ಹೊರಟರು.

ಆ ಮಂಡಿಯ ಊತ ಸುಳ್ಳಲ್ಲ. ನಾದಿನಿಯ ಕೈಕಾಲು ಗಟ್ಟಿಯಾಗೇ ಇವೆ, ಆದರೆ ತವರಿಗೆ ಬಂದವಳನ್ನು ಒಲೆಯ ಮುಂದೆ ಯಾರು ನಿಲ್ಲಿಸುತ್ತಾರೆ? ಸೊಸೆಗೆ ಇಬ್ಬರ ಮೇಲೂ ಸಿಟ್ಟು ಬರಲಿಲ್ಲ. ಬಂದದ್ದು ಈ ಕೆಲಸ ಮುಗಿಸಲೇಬೇಕೆಂಬ ಹಸಿವಿನಂಥ ಆಸೆ.

ಕೈಗವಸು ಕಳಚಿ ಅಡುಗೆಮನೆಯ ಕಡೆ ನಾಲ್ಕು ಹೆಜ್ಜೆ ನಡೆದಳು. ನಿಂತಳು. ತಿರುಗಿ ಬಂದು ಶೆಡ್ಡಿನ ಬಾಗಿಲೆಳೆದು, ಒಳಗಿನಿಂದ ಚಿಲಕ ಹಾಕಿ, ಪ್ರೈಮರಿನ ಡಬ್ಬಿಯ ಮುಚ್ಚಳ ಮೀಟಿ ತೆಗೆದಳು.