ವರ್ನೀಟಾ ಹಾಕದೆ ಬಿಟ್ಟ ಸುತ್ತು

ವರ್ನೀಟಾ ಟಟ್ಲ್ ಮೂವತ್ತೊಂದು ವರ್ಷ ಉತ್ತರದ ಸ್ಪೋಕೇನ್‌ನಲ್ಲಿ ಶಾಲೆಯ ಬಸ್ಸು ಓಡಿಸಿದವಳು. ಅವಳು ಬಸ್ಸು ಬಿಟ್ಟು ಎಂಟು ವರ್ಷವಾಯಿತು. ಬಸ್ಸು ಅವಳನ್ನು ಬಿಟ್ಟಿಲ್ಲ. ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಗಾಡಿಯ ಹಿಂದೆ ಎಳೆದೊಯ್ಯುವ ತನ್ನ ಟ್ರೇಲರ್ ಮನೆಗೆ ಒಳಗೂ ಹೊರಗೂ ಒಂದು ಸುತ್ತು ಹಾಕುತ್ತಾಳೆ. ಒಂದೊಂದನ್ನೂ ಮುಟ್ಟಿ ಗಟ್ಟಿಯಾಗಿ ಹೆಸರು ಹೇಳುತ್ತಾಳೆ: "ಎಡಗಡೆ ಟೈರು. ಗಾಲಿಗೆ ಕೊಟ್ಟ ಅಡ್ಡಕಟ್ಟೆ. ಗ್ಯಾಸು. ಮೆಟ್ಟಿಲು." ನವೆಂಬರಿನಲ್ಲಿ ಕ್ವಾರ್ಟ್ಜ್‌ಸೈಟಿನ ಮರಳುಗಾಡಿಗೆ ತಂದು ನಿಲ್ಲಿಸಿದ ಟ್ರೇಲರ್ ಏಪ್ರಿಲ್‌ವರೆಗೆ ಒಂದಿಂಚು ಅಲುಗಿರುವುದಿಲ್ಲ. ಆದರೂ ಸುತ್ತು ತಪ್ಪಿದ್ದಿಲ್ಲ.

"ಏನು ವರ್ನೀಟಾ, ರಾತ್ರಿ ಮೊಲಗಳು ಟೈರು ಹೊತ್ಕೊಂಡು ಹೋದ್ವಾ?" ಎಂದು ನಾನು ಕೇಳುವುದುಂಟು.

"ಮೊಲ ಅಲ್ಲ ಆರ್ಲೋ, ನಿನ್ನಂಥ ವ್ಯಾಪಾರಿಗಳದ್ದೇ ಭಯ."

ನನ್ನದು ರಸ್ತೆ ಬದಿಯ ಅಂಗಡಿ. ಎರಡು ಮೇಜು, ಒಂದು ಟಾರ್ಪಾಲು, ಟ್ರೇಲರಿನ ಹಳೆಯ ಸಾಮಾನು. ಚಳಿಗಾಲವೆಲ್ಲ, ಉತ್ತರದ ಹಿಮಕ್ಕೆ ಹೆದರಿ ಟ್ರೇಲರ್ ಎಳೆದುಕೊಂಡು ಇಲ್ಲಿಗೆ ಬರುವ ಮುದುಕ ಮುದುಕಿಯರಿಂದ ನನ್ನ ಹೊಟ್ಟೆ ತುಂಬುತ್ತದೆ. ಬಿಸಿಲೇರಿದ ಕೂಡಲೇ ಅವರೆಲ್ಲ ಗಂಟು ಕಟ್ಟುತ್ತಾರೆ. ವರ್ನೀಟಾ ಮಾತ್ರ ಏಪ್ರಿಲ್ ಮುಗಿಯುವವರೆಗೆ ಕದಲುವವಳಲ್ಲ. ಯಾಕೆ ಎಂದು ಕೇಳಿದರೆ, "ಅವರು ಬಿಟ್ಟು ಹೋದ ಸೌದೆ ಎಲ್ಲಾ ಯಾರಿಗೆ ಮತ್ತೆ?"

ಈ ವರ್ಷ ಮಾರ್ಚ್ ತಿಂಗಳ ಕೊನೆಯ ಭಾನುವಾರ ಅವಳ ಅಕ್ಕ ಮಾರ್ಜೀನ್ ಕಾರು ಹಾಕಿಕೊಂಡು ಬಂದಿಳಿದಳು. ತನ್ನ ಮನೆಯ ಹಿಂದಿನ ಕೋಣೆಗೆ ತಂಗಿಯನ್ನು ಖಾಯಂ ಆಗಿ ಕರೆದೊಯ್ಯುವುದು ಅವಳ ಹಟ. ವಾದಕ್ಕೆ ಅವಳ ಕೈಯಲ್ಲಿದ್ದ ಸಾಕ್ಷಿ ಡೀಕನ್. ಡೀಕನ್ ಎಂದರೆ ವರ್ನೀಟಾಳ ಬುಲ್‌ಡಾಗ್, ಹನ್ನೊಂದು ವರ್ಷದ್ದು, ಚಪ್ಪಟೆ ಮೂಗಿನದು. ಸೆಕೆಯಾದರೆ ಉಸಿರಿಗೆ ಒದ್ದಾಡುತ್ತದೆ.

"ನೋಡೇ ವರ್ನಿ, ಅದರ ನಾಲಿಗೆ ನೆಲ ಒರೆಸ್ತಿದೆ. ನಿನ್ನ ಹಟಕ್ಕೆ ನಾಯಿ ಸಾಯಬೇಕಾ?"

ಆ ಮಾತು ನಾಟಿತು. "ಸರಿ. ಬುಧವಾರ ಮಧ್ಯಾಹ್ನದಿಂದ ಡೀಕನ್ನನ ಸಂಜೆ ಐದರ ಊಟದ ಹೊತ್ತಿನವರೆಗೆ ಒಳಗೆ ತಣ್ಣಗಿಡ್ತೀನಿ. ಆಗಲಿಲ್ಲ ಅಂದ್ರೆ ಟ್ರೇಲರ್ ಮಾರಿ ನಿನ್ನ ಜೊತೆ ಬರ್ತೀನಿ" ಎಂದಳು ವರ್ನೀಟಾ.

ತೊಡಕು ಇಷ್ಟೇ. ಟ್ರೇಲರಿನ ನೆತ್ತಿಯ ಮೇಲೆ ಎಸಿ ಇತ್ತು. ಆ ಬಯಲಿಗೆ ಕರೆಂಟಿನ ತಂತಿ ಇಲ್ಲದ್ದರಿಂದ, ಕೆಳಗೆ ಒಂದೇ ಕೈಯಲ್ಲಿ ಎತ್ತಬಹುದಾದ ಪುಟ್ಟ ಜನರೇಟರ್ ಇತ್ತು. ಎಸಿ ಓಡುವಾಗ ಸಾಧು, ಏಳುವಾಗ ರಾಕ್ಷಸ. ಏಳುವ ಆ ಒಂದು ಗಳಿಗೆ, ಓಡುವಾಗಿನ ಐದಾರು ಪಟ್ಟು ಕರೆಂಟನ್ನು ಒಂದೇ ಗುಕ್ಕಿಗೆ ಕೇಳುತ್ತದೆ. ಪುಟ್ಟ ಜನರೇಟರ್ ಅಲ್ಲೇ ಕೈಚೆಲ್ಲುತ್ತದೆ.

ನಾನು ನನ್ನ ಮೇಜಿನ ಬಳಿಯ ದೊಡ್ಡ ಕೆಂಪು ಜನರೇಟರ್ ತೋರಿಸಿದೆ. ಎರಡು ವರ್ಷದಿಂದ ಅದು ಮಾರಾಟವಾಗದೆ ನನ್ನನ್ನೇ ನೋಡುತ್ತ ಕೂತಿತ್ತು.

"ಅದನ್ನ ಎತ್ತೋಕೆ ಒಬ್ಬ ಗಂಡ ಬೇಕು," ಎಂದಳು ವರ್ನೀಟಾ. "ಬೆಳಿಗ್ಗೆ ಆ ಗಂಡನ್ನ ಎಬ್ಬಿಸೋಕೆ ಇನ್ನೊಂದು ಜನರೇಟರ್ ಬೇಕು. ಆ ಸಣ್ಣ ಡಬ್ಬ ಕೊಡು."

ಸಣ್ಣ ಡಬ್ಬ ಎಂದರೆ ಸಾಫ್ಟ್ ಸ್ಟಾರ್ಟರ್. ಎಸಿಯನ್ನು ಒದ್ದು ಎಬ್ಬಿಸದೆ, ಮಗುವನ್ನು ಎಬ್ಬಿಸುವ ಹಾಗೆ ಮೆಲ್ಲಗೆ ಎಬ್ಬಿಸುವ ಯಂತ್ರ. ಕೊಟ್ಟೆ. ಕೆಲಸ ಮಾಡದಿದ್ದರೆ ವಾಪಸು ತಗೊಳ್ಳುತ್ತೇನೆ ಎಂದೂ ಬಾಯಿ ಜಾರಿ ಹೇಳಿಬಿಟ್ಟೆ.

ಸೋಮವಾರ ಬೆಳಿಗ್ಗೆ, ಬಿಸಿಲೇರುವ ಮೊದಲು, ಎಪ್ಪತ್ತೆರಡರ ಮುದುಕಿ ಏಣಿ ಹತ್ತಿದಳು. ನಾನು ಏಣಿ ಹಿಡಿದೆ. ಮಾರ್ಜೀನ್ ಕುರ್ಚಿಯಲ್ಲಿ ಕೂತು ದೇವರನ್ನು ಹಿಡಿದಳು. ವರ್ನೀಟಾ ಕರೆಂಟ್ ಪೂರ್ತಿ ಕಿತ್ತು, ಎಸಿಯ ಮುಚ್ಚಳ ತೆಗೆದು, ಒಳಗಿದ್ದ ಕಣಜದ ಹಳೆ ಗೂಡು ಕೆಡವಿದಳು. ಕರೆಂಟ್ ಕಿತ್ತ ಮೇಲೂ ಕೆಪಾಸಿಟರ್ ಹೊಟ್ಟೆಯಲ್ಲಿ ಒಂದಿಷ್ಟು ಇಟ್ಟುಕೊಂಡಿರುತ್ತದೆ. ಅದನ್ನು ಇಳಿಸಿ, ಮೀಟರ್ ಹಿಡಿದು ನೋಡಿ, ಆಮೇಲೆ ಕೈ ಹಾಕಿದಳು. ಬಿಚ್ಚುವ ಪ್ರತಿ ವಯರಿಗೂ ಒಂದೊಂದು ಬಣ್ಣದ ಉಣ್ಣೆ ದಾರ ಕಟ್ಟಿದಳು, ಬಸ್ಸಿನಲ್ಲಿ ಒಂದನೇ ಕ್ಲಾಸಿನ ಮಕ್ಕಳ ಚೀಲಕ್ಕೆ ಕಟ್ಟುತ್ತಿದ್ದಂತೆ. ಎಸಿಗೆ ಮೊದಲಿನಿಂದ ಇದ್ದ, ಒದ್ದು ಎಬ್ಬಿಸುವ ಹಳೆಯ ಸಾಮಾನನ್ನು ಕಿತ್ತು, ಆ ಜಾಗದಲ್ಲಿ ಡಬ್ಬ ಕೂರಿಸಿ, ಹಳೆಯದನ್ನು ನನ್ನತ್ತ ಎಸೆದಳು. "ತಗೋ, ಯಾವುದಾದರೂ ಬಕರಾಗೆ ಮಾರು."

ಡಬ್ಬಕ್ಕೆ ಒಂದು ಶಾಸ್ತ್ರವಿದೆ. ಮೊದಲ ಐದು ಸಲ ಒಳ್ಳೆಯ ಕರೆಂಟಿನಲ್ಲಿ ಎಸಿ ಎಬ್ಬಿಸಿದರೆ ಅದು ಆ ಎಸಿಯ ಸ್ವಭಾವ ಕಲಿತುಕೊಳ್ಳುತ್ತದೆ.

"ಡಬ್ಬಕ್ಕೆ ಪಾಠ ಬೇರೆ ಹೇಳಬೇಕಾ?" ಎಂದಳು ಮಾರ್ಜೀನ್.

"ಮೂವತ್ತೊಂದು ವರ್ಷ ಮಕ್ಕಳನ್ನ ಶಾಲೆಗೆ ಬಿಟ್ಟು ಬಂದಿದ್ದೀನಿ. ಇದನ್ನೂ ಬಿಟ್ಟು ಬರ್ತೀನಿ" ಎಂದ ವರ್ನೀಟಾ ಮಂಗಳವಾರ ಟ್ರೇಲರ್ ಎಳೆದುಕೊಂಡು ಟ್ರೇಲರುಗಳಿಗೆ ಜಾಗ, ಕರೆಂಟು ಎರಡೂ ಕೊಡುವ ಊರೊಳಗಿನ ಬಾಡಿಗೆ ಪಾರ್ಕಿಗೆ ಹೋದಳು. ಹೊರಡುವಾಗ ನಾನೊಂದು ಬುದ್ಧಿಮಾತು ಹೇಳಿದೆ. ಈ ಕಡೆ ಎಲ್ಲರೂ ಹೇಳುವುದೇ: "ಅಲ್ಲಿ ಕರೆಂಟು ಬಾಡಿಗೆಯಲ್ಲೇ ಸೇರಿದೆ. ನೀರು ಕಾಯಿಸೋ ಹಂಡೆ ಸ್ವಿಚ್ಚು ಕರೆಂಟಿಗೆ ತಿರುಗಿಸು, ಗ್ಯಾಸ್ ಯಾಕೆ ಸುಡ್ತೀಯ?"

ಒಂದು ರಾತ್ರಿ, ಐದು ಪಾಠ. ಬುಧವಾರ ಹನ್ನೊಂದೂವರೆಗೆ ವಾಪಸು ಬಂದಳು. ಬಿಸಿಲು ತೊಂಬತ್ತೆಂಟು ಡಿಗ್ರಿ ಫ್ಯಾರನ್‌ಹೀಟ್. ಏಣಿ ಮುಟ್ಟಿದರೆ ಕೈ ತಾನಾಗಿ ಹಿಂದೆ ಬರುತ್ತಿತ್ತು. ಮಾರ್ಜೀನ್ ಆಗಲೇ ಕಾರಿನ ಮುಂದಿನ ಸೀಟಿಗೆ ಡೀಕನ್ನನಿಗಾಗಿ ಟವೆಲ್ ಹಾಸಿದ್ದಳು.

"ಬೇಗ ಹಾಕು ಮಾರಾಯ್ತಿ, ನನಗೆ ಅಂಗಡಿ ಇದೆ" ಎಂದು ನಾನು ಅವಸರ ಮಾಡಿದೆ.

ಜನರೇಟರ್ ಹಾಕಿದಳು. ಎಸಿಯ ಫ್ಯಾನು ತಿರುಗಿತು. ಕಂಪ್ರೆಸರ್ ಕಳ್ಳಹೆಜ್ಜೆ ಇಟ್ಟು ಎದ್ದಿತು. ನಾನು ಎದೆ ಉಬ್ಬಿಸುವಷ್ಟರಲ್ಲಿ ಜನರೇಟರ್ ನರಳಿ, ಕೆಂಪು ದೀಪ ಉರಿಸಿ, ಕರೆಂಟು ಕಡಿದು ಹಾಕಿತು. ಇನ್ನೊಮ್ಮೆ ಹಾಕಿದರೂ ಅದೇ ಕಥೆ. ಡೀಕನ್ ಮೆಟ್ಟಿಲ ಕೆಳಗೆ ಏದುತ್ತಿತ್ತು.

ಮಾರ್ಜೀನ್ ಕಾರಿನ ಬಾಗಿಲು ತೆರೆದಳು. "ನಡಿ ವರ್ನಿ. ಪ್ರಯತ್ನ ಮಾಡಿದೆ, ಸಾಕು."

"ಮೇಡಂ, ದೊಡ್ಡ ಜನರೇಟರ್ ಒಂದು ಇದೆ ನೋಡಿ…" ಎಂದು ನಾನು ಶುರು ಮಾಡಿದೆ. ಹುಟ್ಟುಗುಣ.

ವರ್ನೀಟಾ ನಾಯಿಯನ್ನು ನೋಡಿದಳು, ಟ್ರೇಲರನ್ನು ನೋಡಿದಳು. ಆಮೇಲೆ ನಿಧಾನಕ್ಕೆ ಹೇಳಿದಳು: "ಇವತ್ತು ನಾನು ಸುತ್ತು ಹಾಕಲಿಲ್ಲ."

"ಈಗ ಟೈರು ಮುಟ್ಟಿ ಏನು ಮಾಡ್ತೀಯೆ?" ಎಂದಳು ಅಕ್ಕ.

"ಸುತ್ತು ಹಾಕದೆ ನಾನು ಯಾವತ್ತೂ ಗಾಡಿ ಬಿಟ್ಟಿಲ್ಲ. ಇವತ್ತು ಇವನು ಅವಸರ ಮಾಡಿದ, ಕೆಟ್ಟೆ."

ಹೊರಟಳು. "ಎಡಗಡೆ ಟೈರು. ಅಡ್ಡಕಟ್ಟೆ. ಗ್ಯಾಸು. ಮೆಟ್ಟಿಲು." ಒಳಗೆ ಹೋದಳು. ಅವಳ ದನಿ ಕಿಟಕಿಯಿಂದ ಕೇಳುತ್ತಿತ್ತು. "ಒಲೆ. ಫ್ರಿಜ್ಜು. ದೀಪ. ನೀರು ಕಾಯಿಸೋ…"

ದನಿ ನಿಂತಿತು. ಸ್ವಿಚ್ಚು ಟಕ್ ಎಂದಿತು.

"ಆರ್ಲೋ," ಎಂದಳು ಒಳಗಿನಿಂದಲೇ, ಬಹಳ ಮೃದುವಾಗಿ. "ಗ್ಯಾಸ್ ಯಾಕೆ ಸುಡ್ತೀಯ ಅಂದೋನು ಯಾರು?"

ಪಾರ್ಕಿನಿಂದ ಬಂದವಳು ಆ ಸ್ವಿಚ್ಚನ್ನು ಮತ್ತೆ ಗ್ಯಾಸಿಗೆ ತಿರುಗಿಸಿರಲಿಲ್ಲ. ಪುಟ್ಟ ಜನರೇಟರ್ ಒಂದು ಕೈಯಲ್ಲಿ ಎಸಿ, ಇನ್ನೊಂದು ಕೈಯಲ್ಲಿ ನೀರಿನ ಹಂಡೆ ಹೊತ್ತು ಮಂಡಿಯೂರಿತ್ತು. ನಾನು ನನ್ನ ಟೋಪಿ ಸರಿಮಾಡಿಕೊಂಡೆ. ಬೇರೆ ಮಾಡುವುದಕ್ಕೇನೂ ಇರಲಿಲ್ಲ.

ಮೂರನೇ ಸಲ ಎಸಿ ಎದ್ದಾಗ ಜನರೇಟರ್ ಒಂದು ಸಲ ಗಂಟಲು ಸರಿಮಾಡಿಕೊಂಡಿತು, ಅಷ್ಟೇ. ಆಮೇಲೆ ಒಂದೇ ಶ್ರುತಿ. ಡೀಕನ್ ತಾನೇ ಮೆಟ್ಟಿಲು ಹತ್ತಿ ಹೋಗಿ, ಗಾಳಿ ಬೀಳುವ ಕಡೆ ಹೊಟ್ಟೆ ಚಾಚಿ ಮಲಗಿತು.

ಐದು ಗಂಟೆಗೆ ಅಂಗಡಿ ಮುಚ್ಚಿ ಮತ್ತೆ ಹೋದೆ. ತಟ್ಟೆಯ ಸದ್ದಿಗೂ ಡೀಕನ್ ಎದ್ದಿರಲಿಲ್ಲ, ಗೊರಕೆ ಹೊಡೆಯುತ್ತಿತ್ತು. ಮಾರ್ಜೀನ್ ಸೋಫಾದ ಮೇಲೆ ಕಾಲು ಮಡಚಿ ಕೂತಿದ್ದಳು. ಕಾರಿನ ಸೀಟಿಗೆ ಹಾಸಿದ್ದ ಟವೆಲ್ ಈಗ ಅವಳ ಹೆಗಲ ಮೇಲಿತ್ತು.

"ಬಾಗಿಲು ಹಾಕ್ರೀ," ಎಂದಳು ನನಗೆ. "ತಣ್ಣಗಿರೋದೆಲ್ಲ ಹೊರಗೆ ಹೋಗುತ್ತೆ."